ಅರ್ಧ ಹಲ್ಲಿನ ತಕರಾರು

ಒಂದೇ ಸಿಲಿಂಡರಿನ, ಓವರ್‌ಹೆಡ್ ಕ್ಯಾಮಿನ ಹಳೆಯ ಬೈಕೊಂದರ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್ ಹಾಗೂ ಕ್ರ್ಯಾಂಕಿನಿಂದ ವಾಲ್ವ್ ತೆರೆಯುವ ಕ್ಯಾಮನ್ನು ತಿರುಗಿಸುವ ಹೊಸ ಟೈಮಿಂಗ್ ಚೈನ್ ಹಾಕಿ ಮರುಜೋಡಿಸುತ್ತಿದ್ದಾಗ ಕೆಲಸ ಕೊನೆಯ ಹಂತದಲ್ಲಿ ನಿಂತುಹೋಯಿತು. ಕ್ರ್ಯಾಂಕಿನ ತುದಿಗೆ ಕೂರುವ ಮ್ಯಾಗ್ನೆಟ್ ಚಕ್ರದಲ್ಲಿ ಪಿಸ್ಟನ್ ತೀರಾ ಮೇಲಿರುವುದನ್ನು ತೋರಿಸುವ ‘ಟಿ’ ಗೆರೆಯನ್ನು ಕೇಸಿಂಗಿನ ಗುರುತಿಗೆ ತಂದು ನಿಲ್ಲಿಸಿದರೆ ಕ್ಯಾಮ್ ಸ್ಪ್ರಾಕೆಟ್ಟಿನ ಗೆರೆ ಹೆಡ್ಡಿನ ಅಂಚಿಗೆ ಹೊಂದುತ್ತಿರಲಿಲ್ಲ. ಚೈನನ್ನು ಹೇಗೆ ಕೂರಿಸಿದರೂ ಗೆರೆ ಅಂಚಿನಿಂದ ಅರ್ಧ ಹಲ್ಲು ಮೇಲೆ ಇಲ್ಲವೇ ಅರ್ಧ ಹಲ್ಲು ಕೆಳಗೆ ನಿಲ್ಲುತ್ತಿತ್ತು.

ಟೆನ್ಷನರ್ ಒತ್ತದೆ ಇರುವಾಗ ಚೈನ್ ಸಡಿಲವಾಗಿರುವುದರಿಂದ ಗುರುತುಗಳನ್ನು ನಂಬುವಂತಿಲ್ಲ. ಆದ್ದರಿಂದ ಎಳೆಯುವ ಬದಿಯ ಸಡಿಲನ್ನು ತೆಗೆದು, ಟೆನ್ಷನರ್ ಚೈನನ್ನು ಒತ್ತುವಂತೆ ಬಿಟ್ಟು, ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ ನೋಡಿದೆ. ವ್ಯತ್ಯಾಸ ಹಾಗೆಯೇ ಉಳಿಯಿತು. ಅನುಭವಿಯಾದ ಗೆಳೆಯರೊಬ್ಬರು ಬ್ಲಾಕಿನ ಕೆಳಗಿನ ಗ್ಯಾಸ್ಕೆಟ್ ದಪ್ಪವಾಗಿರಬೇಕು ಎಂದರು. ಆದರೆ ಈ ಚೈನಿನ ಒಂದು ಹಲ್ಲಿನ ಅಂತರ 6.35 ಮಿಲಿಮೀಟರ್, ಅದರ ಅರ್ಧವೆಂದರೆ ಮೂರು ಮಿಲಿಮೀಟರಿಗೂ ಹೆಚ್ಚು. ಕಾಗದದಂಥ ಗ್ಯಾಸ್ಕೆಟ್ಟಿನಿಂದ ಅಷ್ಟು ಏರುಪೇರಾಗುವುದು ಸಾಧ್ಯವಿರಲಿಲ್ಲ. ಸ್ಪ್ರಾಕೆಟ್ಟಿನಲ್ಲಿ 34 ಹಲ್ಲುಗಳಿದ್ದುದರಿಂದ ಒಂದು ಹಲ್ಲಿಗೆ ಕ್ಯಾಮ್ ಸುಮಾರು 10.6 ಡಿಗ್ರಿ, ಕ್ರ್ಯಾಂಕ್ ಅದರ ಎರಡರಷ್ಟು ತಿರುಗುತ್ತದೆ. ಅಂದರೆ ಅರ್ಧ ಹಲ್ಲಿನ ದೋಷ ಕ್ರ್ಯಾಂಕಿನಲ್ಲಿ ಹತ್ತು ಡಿಗ್ರಿಯಷ್ಟು ತಪ್ಪಿರುವುದಕ್ಕೆ ಸಮ. ಆಗ ಅನುಮಾನ ಚೈನನ್ನು ಬಿಟ್ಟು ‘ಟಿ’ ಗೆರೆಯ ಮೇಲೆಯೇ ಬಂದಿತು.

ಪ್ಲಗ್ಗಿನ ತೂತಿಗೆ ಕಡ್ಡಿ ಇಳಿಸಿ ಪಿಸ್ಟನ್ ತೀರಾ ಮೇಲೇರುವ ತುದಿ ಹುಡುಕುವುದು ರೂಢಿ. ನನಗೆ ಅದರಲ್ಲಿ ನಂಬಿಕೆಯಿಲ್ಲ, ಏಕೆಂದರೆ ತುದಿಯ ಹತ್ತಿರ ಕ್ರ್ಯಾಂಕ್ ಹಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಿದ್ದೇ ಕಾಣುವುದಿಲ್ಲ. ಕ್ಯಾಮ್ ಸ್ಪ್ರಾಕೆಟ್ ಕಳಚಿ, ಚೈನ್ ಕೆಳಗೆ ಬಿದ್ದು ಸಿಕ್ಕಿಕೊಳ್ಳದಂತೆ ತಂತಿಯಿಂದ ಮೇಲೆ ಕಟ್ಟಿ, ವಾಲ್ವ್‌ಗಳು ಮುಚ್ಚಿಯೇ ಇರಲೆಂದು ಟ್ಯಾಪೆಟ್‌ಗಳನ್ನು ಪೂರ್ತಿ ಸಡಿಲಿಸಿದೆ. ಪ್ಲಗ್ಗಿನ ಜಾಗಕ್ಕೆ ಪಿಸ್ಟನ್ನನ್ನು ತಡೆಯುವ ಬೋಲ್ಟ್ ಹಾಕಿ, ಎರಡೂ ದಿಕ್ಕಿನಲ್ಲಿ ಅದು ಮೆಲ್ಲಗೆ ತಾಗುವವರೆಗೆ ಕ್ರ್ಯಾಂಕ್ ತಿರುಗಿಸಿ, ಕೇಸಿಂಗಿನ ಗುರುತಿನೆದುರು ಮ್ಯಾಗ್ನೆಟ್‌ನ ಮೇಲೆ ಪ್ರತಿ ಸಲವೂ ಗೀಟು ಎಳೆದೆ. ಆ ಎರಡು ಗೀಟುಗಳ ನಡುಮಧ್ಯವೇ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ತೀರಾ ಮೇಲಿರುವ ಸ್ಥಾನ. ‘ಟಿ’ ಗೆರೆ ಅದರಿಂದ ಸುಮಾರು ಹತ್ತು ಡಿಗ್ರಿ ದೂರವಿತ್ತು. ಅದು ಗುರುತಿಗೆ ಬರುವಷ್ಟರಲ್ಲಿ ಪಿಸ್ಟನ್ ಆಗಲೇ ತುದಿ ದಾಟಿರುತ್ತಿತ್ತು.

ಪುಲ್ಲರ್ ಹಾಕಿ ಮ್ಯಾಗ್ನೆಟ್ ಕಿತ್ತಾಗ ಕಾರಣ ಕಣ್ಣಿಗೇ ಬಿತ್ತು. ಮ್ಯಾಗ್ನೆಟ್ಟನ್ನು ಸರಿಯಾದ ಸ್ಥಾನದಲ್ಲಿ ಕೂರಿಸುವ ಅರ್ಧಚಂದ್ರದಂಥ ತುಂಡು, ವುಡ್‌ರಫ್ ಕೀ, ಅರ್ಧ ಕತ್ತರಿಸಿ ಮೆಟ್ಟಿಲಿನಂತಾಗಿತ್ತು, ಕ್ರ್ಯಾಂಕಿನ ಟೇಪರ್ (ಕಿರಿದಾಗುತ್ತ ಹೋಗುವ ತುದಿ) ಮೇಲೆ ಉಜ್ಜಿದ ಗೆರೆಗಳಿದ್ದವು. ಎಂದೋ ಸಡಿಲವಾಗಿ ಉಳಿದ ನಟ್ಟಿನಿಂದ ಮ್ಯಾಗ್ನೆಟ್ ಹಿಂದಕ್ಕೆ ಜಾರಿತ್ತು. ಅದರ ಮೇಲಿನ ಉಬ್ಬೇ ಕಿಡಿಯ ಸಮಯವನ್ನು ನಿರ್ಧರಿಸುವುದರಿಂದ ಕಿಡಿಯೂ ತಡವಾಗುತ್ತಿತ್ತು. ಎಂಜಿನ್ ಬಿಚ್ಚುವ ಮೊದಲು ಎಳೆತ ಕಡಿಮೆಯಿದ್ದುದಕ್ಕೂ ಸೈಲೆನ್ಸರಿನ ಬೆಂಡ್ ವಿಪರೀತ ಕಾಯುತ್ತಿದ್ದುದಕ್ಕೂ ಆ ಹಳೆಯ ಚೈನ್ ಸುಮ್ಮನೆ ಬೈಸಿಕೊಂಡಿತ್ತು. ಅದರ ಪಾಲಿನದು ಸದ್ದು ಮಾತ್ರ.

ಟೇಪರನ್ನು ಎಣ್ಣೆಯ ಪಸೆಯಿಲ್ಲದಂತೆ ಒರೆಸಿ, ಹೊಸ ಕೀ ಕೂರಿಸಿ, ಟಾರ್ಕ್ ರೆಂಚಿನಿಂದ ನಟ್ ಬಿಗಿದ ಮೇಲೆ ‘ಟಿ’ ಗೆರೆ ಟಿಡಿಸಿಗೆ ಸರಿಯಾಗಿ ನಿಂತಿತು. ಕ್ಯಾಮಿನ ಗೆರೆ ಹೆಡ್ಡಿನ ಅಂಚಿಗೆ ಮಟ್ಟಸವಾಗಿ ಬಂದಿತು. ಟ್ಯಾಪೆಟ್ ಹೊಂದಿಸಿ ಸ್ಟಾರ್ಟ್ ಮಾಡಿದಾಗ ಚೈನಿನ ಸದ್ದಿರಲಿಲ್ಲ, ಓಡಿಸಿದಾಗ ಎಳೆತವೂ ಮರಳಿತ್ತು.