ಡಾಲರ್ ಇದ್ದರೂ ಚಿಲ್ಲರೆ ಇಲ್ಲದ ಊರುಗಳಲ್ಲಿ

ನಗದಿನ ಅಭಾವವಿರುವ ದೇಶಕ್ಕೆ ಹೊರಡುವವರು ಸಾಮಾನ್ಯವಾಗಿ ಒಟ್ಟು ಮೊತ್ತದ ಲೆಕ್ಕ ಹಾಕುತ್ತಾರೆ: ಊಟಕ್ಕೆ ಇಷ್ಟು, ವಸತಿಗೆ ಇಷ್ಟು, ಆಪತ್ತಿಗೆಂದು ಇನ್ನಷ್ಟು. ಜಿಂಬಾಬ್ವೆಯಲ್ಲಿ ಹರಾರೆಯಿಂದ ಬುಲವಾಯೊಗೆ, ಅಲ್ಲಿಂದ ವಿಕ್ಟೋರಿಯಾ ಜಲಪಾತದವರೆಗೆ ಓಡಾಡಿದ ಮೇಲೆ ನನಗೆ ಖಚಿತವಾದದ್ದೆಂದರೆ, ಅಲ್ಲಿ ಮೊತ್ತಕ್ಕಿಂತ ಮೊದಲು ಹಾಕಬೇಕಾದ ಲೆಕ್ಕ ನೋಟುಗಳ ಮುಖಬೆಲೆಯದು. ನೂರು ಡಾಲರಿನ ನೋಟುಗಳನ್ನೇ ಜೇಬಿನಲ್ಲಿ ತುಂಬಿಕೊಂಡವನು ಒಂದು ಬಾಟಲಿ ನೀರು ಕೊಳ್ಳಲಾಗದೆ ನಿಲ್ಲಬೇಕಾಗುತ್ತದೆ. ಒಂದೊಂದು ಡಾಲರಿನ ಒಂದು ಕಟ್ಟು ಇರುವವನ ದಿನ ಸಲೀಸಾಗಿ ಕಳೆಯುತ್ತದೆ.

ಹೀಗೇಕೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 2008ರಲ್ಲಿ ಜಿಂಬಾಬ್ವೆ ಡಾಲರ್ ಸಂಪೂರ್ಣವಾಗಿ ಕುಸಿದುಬಿತ್ತು. ಆ ವರ್ಷದ ಜುಲೈನಲ್ಲಿ ಸರ್ಕಾರದ ಲೆಕ್ಕದಲ್ಲೇ ವಾರ್ಷಿಕ ಹಣದುಬ್ಬರ ಶೇಕಡಾ 23 ಕೋಟಿಯನ್ನು ಮೀರಿತ್ತು. 2009ರ ಜನವರಿಯಲ್ಲಿ 100 ಟ್ರಿಲಿಯನ್ ಡಾಲರಿನ, ಅಂದರೆ ನಮ್ಮ ಲೆಕ್ಕದಲ್ಲಿ ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು ಮೊತ್ತದ ನೋಟು ಹೊರಬಂತು. ಅದಾದ ಕೆಲವೇ ವಾರಗಳಲ್ಲಿ ದೇಶವು ತನ್ನ ಹಣದ ಆಸೆಯನ್ನು ಬಿಟ್ಟು ಅಮೆರಿಕದ ಡಾಲರ್, ದಕ್ಷಿಣ ಆಫ್ರಿಕಾದ ರಾಂಡ್, ಬೋಟ್ಸ್ವಾನಾದ ಪುಲಾ ಮುಂತಾದ ಪರದೇಶದ ಹಣಗಳಲ್ಲೇ ವ್ಯವಹರಿಸತೊಡಗಿತು. ಬೆಲೆಗಳು ಹತೋಟಿಗೆ ಬಂದವು. ಆದರೆ ಡಾಲರ್ ಅಚ್ಚು ಹಾಕುವ ಅಧಿಕಾರ ಹರಾರೆಯ ರಿಸರ್ವ್ ಬ್ಯಾಂಕಿಗೆ ಇಲ್ಲವಲ್ಲ! ರಫ್ತಿನಿಂದ, ಪ್ರವಾಸಿಗರಿಂದ, ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣದಿಂದ ಎಷ್ಟು ನೋಟು ಒಳಗೆ ಬಂತೋ ಅಷ್ಟರಲ್ಲೇ ಇಡೀ ದೇಶದ ಕೊಡುಕೊಳ್ಳುವಿಕೆ ನಡೆಯಬೇಕು, ಅದರಲ್ಲಿ ದೊಡ್ಡ ಪಾಲು ಆಮದಿಗೆಂದು ಮತ್ತೆ ಹೊರಗೆ ಹೋಗಬೇಕು. ನಾಣ್ಯಗಳ ಪಾಡಂತೂ ಇನ್ನೂ ಕಷ್ಟ; ಅಷ್ಟು ಭಾರದ ಲೋಹವನ್ನು ಸಾಗರದಾಚೆಯಿಂದ ಯಾರು ತರಿಸುತ್ತಾರೆ? ಅದಕ್ಕಾಗಿಯೇ 2014ರ ಡಿಸೆಂಬರಿನಲ್ಲಿ ಬಾಂಡ್ ಎಂಬ ಹೆಸರಿನ ಸ್ಥಳೀಯ ನಾಣ್ಯಗಳನ್ನು, 2016ರ ನವೆಂಬರ್ 28ರಂದು ಬಾಂಡ್ ನೋಟುಗಳನ್ನು ಬಿಡುಗಡೆ ಮಾಡಿ, ಇವು ಅಮೆರಿಕದ ಡಾಲರಿಗೆ ಸರಿಸಮ ಎಂದು ಸಾರಲಾಯಿತು.

ದಿನಾಂಕವನ್ನು ಗಮನಿಸಿ. ನಮ್ಮಲ್ಲಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾಗಿ ಸರಿಯಾಗಿ 20 ದಿನಗಳಾಗಿದ್ದವು. ನಾವು ಎಟಿಎಂ ಮುಂದೆ ಸಾಲು ನಿಂತಿದ್ದ ಕಾಲದಲ್ಲೇ ಅವರೂ ಬ್ಯಾಂಕುಗಳ ಮುಂದೆ ಸಾಲು ನಿಂತಿದ್ದರು. ಆದರೆ ಎರಡೂ ಅಭಾವಗಳು ಒಂದೇ ಜಾತಿಯವಲ್ಲ. ನಮ್ಮಲ್ಲಿ ಕಾಗದ ಸಿಗುತ್ತಿರಲಿಲ್ಲ, ಖಾತೆಯಲ್ಲಿದ್ದ ರೂಪಾಯಿ ರೂಪಾಯಿಯಾಗಿಯೇ ಉಳಿದಿತ್ತು. ಅಲ್ಲಿ ಸರ್ಕಾರ ತನ್ನ ಖರ್ಚಿಗಾಗಿ ಬ್ಯಾಂಕುಗಳ ಪುಸ್ತಕದಲ್ಲೇ ಡಾಲರುಗಳನ್ನು ಸೃಷ್ಟಿಸುತ್ತ ಹೋದದ್ದರಿಂದ ಖಾತೆಯ ಡಾಲರಿಗೂ ಕೈಯಲ್ಲಿರುವ ಡಾಲರಿಗೂ ಸಂಬಂಧವೇ ಕಡಿದುಹೋಯಿತು. ಒಂದೇ ಸಾಮಾನಿಗೆ ನಗದು ಡಾಲರಿನ ಬೆಲೆ ಒಂದು, ಬಾಂಡ್ ನೋಟಿನದು ಇನ್ನೊಂದು, ಮೊಬೈಲಿನಲ್ಲಿ ಇಕೊಕ್ಯಾಶ್ ಮೂಲಕ ಕೊಟ್ಟರೆ ಮತ್ತೊಂದು ಎಂಬ ಸ್ಥಿತಿ ಬಂತು. 2019ರ ಫೆಬ್ರುವರಿಯಲ್ಲಿ ಸರಿಸಮವೆಂಬ ಮಾತನ್ನು ಅಧಿಕೃತವಾಗಿ ಕೈಬಿಟ್ಟಾಗ ವ್ಯಾಪಾರ ಆರಂಭವಾದದ್ದೇ ಅಮೆರಿಕದ ಒಂದು ಡಾಲರಿಗೆ 2.5 ಸ್ಥಳೀಯ ಡಾಲರಿನ ದರದಲ್ಲಿ. ಖಾತೆಯಲ್ಲಿ ಉಳಿತಾಯವಿಟ್ಟಿದ್ದವರ ಗತಿ ಏನಾಯಿತೆಂದು ಊಹಿಸಿಕೊಳ್ಳಬಹುದು. ಕಾಗದದ ಡಾಲರನ್ನು ಅಲ್ಲಿನವರು ಯಾಕೆ ಅಷ್ಟು ಬಿಗಿಯಾಗಿ ಹಿಡಿದುಕೊಂಡಿರುತ್ತಾರೆ, ಬ್ಯಾಂಕಿಗೆ ಕಟ್ಟದೆ ಮನೆಯಲ್ಲೇ ಯಾಕೆ ಇಟ್ಟುಕೊಳ್ಳುತ್ತಾರೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

2024ರ ಏಪ್ರಿಲ್‌ನಿಂದ ಚಿನ್ನದ ಆಧಾರವಿದೆ ಎನ್ನಲಾದ ಜಿಗ್ ಎಂಬ ಹೊಸ ಹಣ ಚಲಾವಣೆಯಲ್ಲಿದೆ. ಅಂಗಡಿಗಳಲ್ಲಿ ಬೆಲೆಯನ್ನು ಎರಡರಲ್ಲೂ ಹೇಳುತ್ತಾರೆ, ಆದರೆ ಸಂತೆಯಲ್ಲಿ, ಬಸ್ಸಿನಲ್ಲಿ, ರಸ್ತೆ ಬದಿಯಲ್ಲಿ ಕೈ ಬದಲಾಯಿಸುವುದು ಹೆಚ್ಚಾಗಿ ಡಾಲರೇ. ಹೀಗಾಗಿ ಪ್ರವಾಸಿಗೆ ತಟ್ಟುವ ಅಭಾವ ಎಂದರೆ ಚಿಲ್ಲರೆಯ ಅಭಾವ.

ಹರಾರೆಯ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ ನನ್ನ ಬಿಲ್ 3 ಡಾಲರ್ 40 ಸೆಂಟ್ ಆಯಿತು. ಐದರ ನೋಟು ಕೊಟ್ಟೆ. ಗಲ್ಲಾದಲ್ಲಿದ್ದ ಹುಡುಗಿ ಒಂದು ಡಾಲರನ್ನು ತೆಗೆದಿಟ್ಟು, ಉಳಿದ 60 ಸೆಂಟಿಗೆ ಏನು ಬೇಕು ಎಂದು ಕೇಳುತ್ತ ಪಕ್ಕದ ಡಬ್ಬಿಯತ್ತ ಕೈ ತೋರಿದಳು. ಅದರಲ್ಲಿ ಬಾಲ್‌ಪೆನ್ನು, ಬೆಂಕಿಪೊಟ್ಟಣ, ಪೆಪ್ಪರ್‌ಮಿಂಟು ಇದ್ದವು. ಅದು ಬೇಡವೆಂದರೆ ಬಾಕಿಯನ್ನು ಬರೆದ ಚೀಟಿ ಕೊಡುತ್ತಾರೆ, ಮುಂದಿನ ಸಲ ಅದೇ ಅಂಗಡಿಯಲ್ಲಿ ಅದನ್ನು ಮುರಿಸಿಕೊಳ್ಳಬೇಕು. ಊರಿನವರಿಗೆ ಚೀಟಿ ಸರಿಹೋಗುತ್ತದೆ. ನಾಳೆ ಬೆಳಿಗ್ಗೆ ಬುಲವಾಯೊಗೆ ಹೋಗುವವನಿಗೆ ಅದರಿಂದ ಏನು ಪ್ರಯೋಜನ? ನನ್ನ ಹಿಂದೆ ನಿಂತಿದ್ದವರು ಈ ವಿಷಯದಲ್ಲಿ ನುರಿತವರಾಗಿದ್ದರು. ಸಾಮಾನು ಆರಿಸುವಾಗಲೇ ಮೊತ್ತ ಪೂರ್ಣ ಡಾಲರಿಗೆ ಬರುವಂತೆ ಕೂಡಿಸುತ್ತ, ಕೊನೆಗೆ ಒಂದು ಸೋಪನ್ನೋ ಬನ್ನನ್ನೋ ಸೇರಿಸಿ ಲೆಕ್ಕ ಸರಿಮಾಡುತ್ತಿದ್ದರು. ನಾನೂ ಅದನ್ನೇ ಅನುಸರಿಸಿದೆ, ಅಲ್ಲಿ ಹೋಗುವ ಯಾರಿಗಾದರೂ ಮೊದಲು ಹೇಳಿಕೊಡಬೇಕಾದ ಉಪಾಯ ಇದೇ.

ಕೊಂಬಿ ಎಂದು ಕರೆಯುವ ಹದಿನೈದು-ಹದಿನೆಂಟು ಜನರ ವ್ಯಾನುಗಳಲ್ಲಿ ಈ ಲೆಕ್ಕ ಇನ್ನೂ ಸ್ವಾರಸ್ಯವಾಗಿರುತ್ತದೆ. ಹತ್ತಿರದ ದಾರಿಗೆ ಅರ್ಧ ಡಾಲರ್ ದರವಿದ್ದರೆ, ಒಂದು ಡಾಲರ್ ಕೊಟ್ಟವರಿಗೆ ಹಿಂದಿರುಗಿಸಲು ಕಂಡಕ್ಟರನ ಬಳಿ ಅರ್ಧ ಡಾಲರ್ ಎಂಬುದಿರುವುದಿಲ್ಲ. ಅವನು ಇಬ್ಬರು ಪ್ರಯಾಣಿಕರನ್ನು ಜೋಡಿ ಮಾಡಿ, ಒಬ್ಬರ ಕೈಗೆ ಒಂದು ಡಾಲರ್ ಕೊಟ್ಟು, ನೀವಿಬ್ಬರೂ ಹಂಚಿಕೊಳ್ಳಿ ಎಂದು ಇಳಿಸಿಬಿಡುತ್ತಾನೆ. ನನಗೆ ಹೀಗೆ ಜೊತೆಯಾದವರು ಶಾಲೆಯ ಮಗುವನ್ನು ಕರೆದೊಯ್ಯುತ್ತಿದ್ದ ಒಬ್ಬ ಹೆಂಗಸು. ಇಳಿದ ಕೂಡಲೇ ಅವರು ಒಂದಿಷ್ಟೂ ಯೋಚಿಸದೆ ಎದುರಿನ ಗಾಡಿಯವಳ ಬಳಿ ಹೋಗಿ, ಇಡೀ ಡಾಲರಿಗೆ ಬಾಳೆಹಣ್ಣು ಕೊಂಡು, ಎಣಿಸಿ ಅರ್ಧವನ್ನು ನನ್ನ ಚೀಲಕ್ಕೆ ಹಾಕಿದರು. ನನಗೆ ಬಾಳೆಹಣ್ಣು ಬೇಕಿತ್ತೇ ಎಂದು ಕೇಳಲಿಲ್ಲ. ಕೇಳುವ ಪ್ರಶ್ನೆಯೂ ಅದಾಗಿರಲಿಲ್ಲ. ಹಾಲಿನಂಗಡಿಯಲ್ಲಿ ಚಿಲ್ಲರೆಗೆ ಬದಲು ಚಾಕಲೇಟು ಇಸಿದುಕೊಂಡು ಬೆಳೆದ ನನಗೂ ಇದು ಹೊಸ ಮಟ್ಟದ ಹೊಂದಾಣಿಕೆಯೆನಿಸಿತು.

ನೋಟಿನ ಸ್ಥಿತಿಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಅಲ್ಲಿ ಚಲಾವಣೆಯಲ್ಲಿರುವ ಒಂದು ಡಾಲರ್, ಎರಡು ಡಾಲರಿನ ನೋಟುಗಳು (ಅಮೆರಿಕದಲ್ಲೇ ಅಪರೂಪವಾದ ಎರಡರ ನೋಟು ಅಲ್ಲಿ ಧಾರಾಳವಾಗಿ ಕಾಣಸಿಗುತ್ತದೆ) ವರ್ಷಗಟ್ಟಲೆ ಕೈಯಿಂದ ಕೈಗೆ ಓಡಾಡಿ ಹಳೆಯ ಪಂಚೆಯಂತೆ ಮೆತ್ತಗಾಗಿರುತ್ತವೆ. ಅಮೆರಿಕದಲ್ಲಾದರೆ ಸವೆದ ನೋಟನ್ನು ಫೆಡರಲ್ ರಿಸರ್ವ್ ಹಿಂಪಡೆದು ಹೊಸದನ್ನು ಕೊಡುತ್ತದೆ, ಜಿಂಬಾಬ್ವೆಯಲ್ಲಿ ಆ ಏರ್ಪಾಡಿಲ್ಲ. ಕೊಳೆಯನ್ನು ಸಹಿಸುತ್ತಾರೆ, ಹರಿದದ್ದನ್ನು ಸಹಿಸುವುದಿಲ್ಲ. ಒಂದು ಪೆಟ್ರೋಲ್ ಬಂಕಿನಲ್ಲಿ ನನ್ನ ಇಪ್ಪತ್ತರ ನೋಟನ್ನು ಹುಡುಗನೊಬ್ಬ ಬೆಳಕಿಗೆ ಹಿಡಿದು, ನಾಲ್ಕೂ ಅಂಚುಗಳ ಮೇಲೆ ಹೆಬ್ಬೆರಳು ಸವರಿ, ಮಡಿಕೆಯ ತುದಿಯಲ್ಲಿ ಅಕ್ಕಿಕಾಳಿನ ಅರ್ಧದಷ್ಟು ಬಿರುಕನ್ನು ಪತ್ತೆ ಮಾಡಿ ತಿರುಗಿಸಿ ಕೊಟ್ಟ. ಇಂಥ ನೋಟುಗಳನ್ನು ಕಡಿಮೆ ಬೆಲೆಗೆ ಕೊಂಡು, ಅಂಟು ಹಚ್ಚಿ ಸರಿಪಡಿಸಿ ಮತ್ತೆ ಚಲಾವಣೆಗೆ ಬಿಡುವವರು ಬೀದಿಯಲ್ಲೇ ಇದ್ದಾರೆ. ಆದ್ದರಿಂದ ಚಿಲ್ಲರೆ ಇಸಿದುಕೊಳ್ಳುವಾಗ ನೀವೂ ಅಂಚನ್ನು ನೋಡಿಯೇ ತೆಗೆದುಕೊಳ್ಳಬೇಕು. ನಾಚಿಕೆಪಡಬೇಕಾಗಿಲ್ಲ, ಅಲ್ಲಿ ಎಲ್ಲರೂ ನೋಡುತ್ತಾರೆ. ಬೆಂಗಳೂರಿನಿಂದ ಒಯ್ಯುವ ದೊಡ್ಡ ನೋಟುಗಳೂ ಹೊಸ ವಿನ್ಯಾಸದವಾಗಿರಲಿ. ಚಿಕ್ಕ ಮುಖಚಿತ್ರವಿರುವ ಹಳೆಯ ನೋಟುಗಳನ್ನು ಆಫ್ರಿಕಾದ ಹಲವು ದೇಶಗಳಲ್ಲಿ ಮುಟ್ಟುವುದೇ ಇಲ್ಲ.

ಹಾಗಾದರೆ ಸಣ್ಣ ನೋಟುಗಳನ್ನು ತರುವುದೆಲ್ಲಿಂದ? ಬೆಂಗಳೂರಿನಲ್ಲಿ ಹಣ ವಿನಿಮಯದವರು ಸಾಮಾನ್ಯವಾಗಿ ನೂರರ ನೋಟುಗಳನ್ನೇ ಎಣಿಸಿ ಕೊಡುತ್ತಾರೆ. ಒಂದು, ಐದು, ಹತ್ತರ ನೋಟು ಬೇಕೆಂದರೆ ಕೆಲವು ದಿನ ಮೊದಲೇ ಹೇಳಿಡಬೇಕು, ಒಂದೇ ಕಡೆ ಸಿಗದಿದ್ದರೆ ಎರಡು ಮೂರು ಕಡೆ ವಿಚಾರಿಸಬೇಕು. ನನ್ನ ಅದೃಷ್ಟಕ್ಕೆ ನ್ಯೂಜೆರ್ಸಿಯಲ್ಲಿರುವ ಚಿಕ್ಕಮ್ಮನ ಮಗ ರಜೆಗೆ ಬರುವವನಿದ್ದ. ಉಡುಗೊರೆಯೆಂದು ಬೇರೇನೂ ಬೇಡ, ಬ್ಯಾಂಕಿನಿಂದ ಒಂದರ ಹೊಸ ನೋಟುಗಳ ಕಟ್ಟೊಂದನ್ನು ತಂದುಕೊಡು ಎಂದಿದ್ದೆ. ಅದನ್ನು ಕಂಡು ಚಿಕ್ಕಮ್ಮ, “ಅಲ್ವೋ, ಅಮೆರಿಕದಿಂದ ತರ್ಸೋದು ಚಿಲ್ಲರೇನಾ?” ಎಂದು ನಕ್ಕರು. ನನ್ನ ಇಡೀ ಸಿದ್ಧತೆಯಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಆ ಕಟ್ಟೇ.

ನಮ್ಮ ದೇಶದ ನಿಯಮದ ಮಾತನ್ನೂ ಹೇಳಿಬಿಡುತ್ತೇನೆ. ಜಿಂಬಾಬ್ವೆಯಂಥ ದೇಶಕ್ಕೆ ಒಂದು ಪ್ರವಾಸಕ್ಕೆ 3,000 ಡಾಲರುಗಳವರೆಗೆ ಮಾತ್ರ ನಗದಾಗಿ ಕೊಳ್ಳಬಹುದು, ಉಳಿದದ್ದನ್ನು ಫಾರೆಕ್ಸ್ ಕಾರ್ಡಿನಲ್ಲೋ ಬೇರೆ ರೂಪದಲ್ಲೋ ಒಯ್ಯಬೇಕು. ಹೊಸದಾಗಿ ಕೊಟ್ಟ ಡೆಬಿಟ್, ಕ್ರೆಡಿಟ್ ಕಾರ್ಡುಗಳು 2020ರಿಂದೀಚೆಗೆ ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ; ಹೊರದೇಶದ ಬಳಕೆಯನ್ನು ಬ್ಯಾಂಕಿನ ಆಪ್‌ನಲ್ಲಿ ನಾವೇ ತೆರೆಯಬೇಕು. ಇದನ್ನು ಹೊರಡುವ ಮೊದಲೇ ಮಾಡಿ.

ಕಾರ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ದೊಡ್ಡ ಖರ್ಚುಗಳನ್ನೆಲ್ಲ, ಅಂದರೆ ವಸತಿ, ದೂರದ ಬಸ್ಸು, ಹ್ವಾಂಗೆ ಅರಣ್ಯದ ಸಫಾರಿ, ಇವನ್ನು ಸಾಧ್ಯವಾದಷ್ಟೂ ಮನೆಯಿಂದಲೇ ಕಾರ್ಡಿನಲ್ಲಿ ಕಟ್ಟಿಬಿಡಬೇಕು. ದೊಡ್ಡ ಹೋಟೆಲುಗಳಲ್ಲೂ ಸೂಪರ್‌ಮಾರ್ಕೆಟ್ಟುಗಳಲ್ಲೂ ವೀಸಾ, ಮಾಸ್ಟರ್‌ಕಾರ್ಡುಗಳು ನಡೆಯುತ್ತವಾದರೂ ಕರೆಂಟು ಹೋದಾಗ, ನೆಟ್‌ವರ್ಕ್ ಕೈಕೊಟ್ಟಾಗ ಯಂತ್ರ ಸುಮ್ಮನಾಗುತ್ತದೆ. ಉಜ್ಜುವ ಮೊದಲು ಯಾವ ಹಣದಲ್ಲಿ, ಯಾವ ದರದಲ್ಲಿ ಬಿಲ್ ಮಾಡುತ್ತೀರಿ ಎಂದು ಕೇಳುವುದು ಒಳ್ಳೆಯದು. ಎಟಿಎಂ ನಂಬಿಕೊಂಡು ಹೋಗಬಾರದು. ಡಾಲರ್ ಕೊಡುವ ಯಂತ್ರ ಇವತ್ತು ತುಂಬಿದ್ದರೆ ನಾಳೆ ಖಾಲಿ. ಎಳನೀರಿಗೂ ಕ್ಯೂಆರ್ ಸ್ಕ್ಯಾನ್ ಮಾಡುವ ಬೆಂಗಳೂರಿನವರಿಗೆ ಇಕೊಕ್ಯಾಶ್ ಕಂಡಾಗ ಆಸೆ ಹುಟ್ಟುತ್ತದೆ, ಆದರೆ ಅದಕ್ಕೆ ಅಲ್ಲಿನ ಸಿಮ್, ನೋಂದಣಿ ಎಲ್ಲ ಬೇಕು. ಕೆಲವೇ ದಿನಗಳಿಗೆ ಹೋಗುವವರಿಗೆ ಆ ತಾಪತ್ರಯ ಬೇಕಾಗಿಲ್ಲವೆಂದೇ ನನ್ನ ಅನಿಸಿಕೆ.

ಹೀಗೆ ದೊಡ್ಡದನ್ನು ಕಾರ್ಡಿಗೆ ದಾಟಿಸಿದರೆ ಕೈಯಲ್ಲಿ ಬೇಕಾದದ್ದು ಊಟ, ನೀರು, ಕೊಂಬಿ, ಟಿಪ್ಸ್ ಇಷ್ಟಕ್ಕೆ ಮಾತ್ರ, ಮತ್ತು ಇವೆಲ್ಲವೂ ಸಣ್ಣ ನೋಟಿನ ಖರ್ಚುಗಳೇ. ನೂರರ ನೋಟುಗಳು ಆಪತ್ಕಾಲದ ಹಣವಾಗಿ ಒಳಜೇಬಿನಲ್ಲಿದ್ದರೆ ಸಾಕು. ಹೋಟೆಲ್ ಬಿಲ್‌ನ ಉಳಿಕೆಯನ್ನು ಕಟ್ಟುವಾಗ, ಎಲ್ಲೆಲ್ಲಿ ಚಿಲ್ಲರೆ ಸಿಗುವ ಸಂಭವವಿದೆಯೋ ಅಲ್ಲೆಲ್ಲ, ಇಪ್ಪತ್ತರ ನೋಟು ಕೊಟ್ಟು ಒಂದೆರಡು ಸಣ್ಣ ನೋಟು ಗಿಟ್ಟಿಸಿಕೊಳ್ಳುವುದು ಅಭ್ಯಾಸವಾಗಬೇಕು. ಒಂದರ ನೋಟನ್ನು ಕೊಡಲು ಮನಸ್ಸಾಗದೆ ಅಂಗಡಿಯವನೂ ನಾನೂ ಪರಸ್ಪರರ ಮುಖ ನೋಡುತ್ತ ನಿಂತ ಪ್ರಸಂಗಗಳಿಗೆ ಲೆಕ್ಕವಿಲ್ಲ.

ಬೀದಿಯಲ್ಲಿ ಹಣ ಬದಲಾಯಿಸುವವರು ಎಲ್ಲ ಊರಲ್ಲೂ ಇದ್ದಾರೆ. ಬುಲವಾಯೊದಲ್ಲಿ ಈ ಕೆಲಸ ಮಾಡುವ ಹೆಂಗಸರಿಗೆ ಒಸಿಫತೆಲೆನಿ ಎಂಬ ಹೆಸರೇ ಉಂಟು. ಅವರು ಕೊಡುವ ದರ ಬ್ಯಾಂಕಿಗಿಂತ ಹೆಚ್ಚಿರಬಹುದು, ಆದರೆ ವ್ಯವಹಾರ ಕಾನೂನಿಗೆ ಹೊರಗಿನದು. ಅದಕ್ಕಿಂತ ಮುಖ್ಯವಾಗಿ, ಇಷ್ಟು ಸಲ ಹಣ ಬದಲಾದ ದೇಶದಲ್ಲಿ ರದ್ದಾದ ನೋಟನ್ನು ಕೈಗಿತ್ತರೂ ಹೊಸಬನಿಗೆ ಗೊತ್ತಾಗುವುದಿಲ್ಲ. ಜಿಗ್ ಅನ್ನು ಕೂಡಿಡುವ ಅಗತ್ಯವೂ ಇಲ್ಲ. ಬಂದಾಗ ಡಾಲರಿಗೆ 13.56 ಇದ್ದ ಅದರ ಬೆಲೆಯನ್ನು ಆರು ತಿಂಗಳೊಳಗೆ, 2024ರ ಸೆಪ್ಟೆಂಬರ್ 27ರಂದು, ರಿಸರ್ವ್ ಬ್ಯಾಂಕೇ ಶೇಕಡಾ 43ರಷ್ಟು ಇಳಿಸಿತು. ದೇಶದ ಗಡಿಯಾಚೆ ಅದನ್ನು ಕೇಳುವವರಿಲ್ಲ. ಚಿಲ್ಲರೆಯಾಗಿ ಬಂದದ್ದನ್ನು ಅಂದೇ ಖರ್ಚು ಮಾಡಿಬಿಡಬೇಕು.

ವಿಕ್ಟೋರಿಯಾ ಜಲಪಾತದ ಊರಿನಲ್ಲಿ ಪರಿಸ್ಥಿತಿ ಎಷ್ಟೋ ವಾಸಿ. ಪ್ರವಾಸಿಗರ ಡಾಲರ್ ಹರಿದುಬರುವುದರಿಂದ ಚಿಲ್ಲರೆ ಅಷ್ಟಿಷ್ಟು ಸಿಗುತ್ತದೆ, ತೀರಾ ಸಿಕ್ಕಿಬಿದ್ದರೆ 1905ರಲ್ಲಿ ಕಟ್ಟಿದ ಸೇತುವೆ ದಾಟಿ ಜಾಂಬಿಯಾದ ಲಿವಿಂಗ್‌ಸ್ಟನ್‌ಗೆ ಹೋಗಿ ಅಲ್ಲಿನ ಎಟಿಎಂನಲ್ಲಿ ಕ್ವಾಚಾ ತೆಗೆಯಬಹುದು; ವೀಸಾದಲ್ಲಿ ಮರಳಿ ಬರುವ ಅವಕಾಶ ಇದೆಯೇ ಎಂದು ಮಾತ್ರ ಮೊದಲೇ ನೋಡಿಕೊಂಡಿರಬೇಕು. ಸೇತುವೆಯ ದಾರಿಯಲ್ಲಿ ಹುಡುಗರು ಹಳೆಯ 100 ಟ್ರಿಲಿಯನ್ ನೋಟುಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಮಾರುತ್ತಾರೆ. 2015ರಲ್ಲಿ ರಿಸರ್ವ್ ಬ್ಯಾಂಕ್ ಅವನ್ನು ಹಿಂಪಡೆದಾಗ ಒಂದಕ್ಕೆ ಸಿಕ್ಕಿದ್ದು 40 ಸೆಂಟ್. ಈಗ ಹುಡುಗರು ಕೇಳುವುದು ಹಲವು ಡಾಲರ್, ಅದೂ ಸರಿಯಾದ ಚಿಲ್ಲರೆಯಲ್ಲಿ.

ಮರಳಿದ ಮೇಲೆ ಉಳಿದ ನೋಟುಗಳನ್ನು 180 ದಿನಗಳೊಳಗೆ ಅಧಿಕೃತ ವಿನಿಮಯದವರಿಗೆ ಹಿಂದಿರುಗಿಸಬೇಕು, ಆದರೆ 2,000 ಡಾಲರುಗಳವರೆಗೆ ನಮ್ಮಲ್ಲೇ ಇಟ್ಟುಕೊಳ್ಳಲು ಭಾರತೀಯ ರಿಸರ್ವ್ ಬ್ಯಾಂಕಿನ ಅನುಮತಿಯಿದೆ. ನೂರರ ನೋಟುಗಳನ್ನು ನಾನು ಹಿಂದಿರುಗಿಸಿ ರೂಪಾಯಿ ಪಡೆದೆ. ಒಂದರ ನೋಟುಗಳನ್ನು ಕೌಂಟರಿನವರು ಕಡಿಮೆ ದರಕ್ಕೆ ಕೇಳಿದ್ದರಿಂದ ಕೊಡಲಿಲ್ಲ.