ಹಡಗಿನ ಹೊಗೆಯಲ್ಲಿ ಮಸಿ ಎಷ್ಟು? ಮೀಟರಿಗಿಂತ ಮೊದಲು ಪೈಪು ನೋಡಿ

ಹಡಗಿನ ಎಂಜಿನ್ ಉಗುಳುವ ಬ್ಲ್ಯಾಕ್ ಕಾರ್ಬನ್ (ಮಸಿ) ಅಳೆಯಲು ಅಂತಾರಾಷ್ಟ್ರೀಯ ಕಡಲ ಸಂಸ್ಥೆ (ಐಎಂಒ) ಮೂರು ವಿಧಾನಗಳನ್ನು ಒಪ್ಪಿದೆ: ಫಿಲ್ಟರ್ ಕಾಗದದ ಸ್ಮೋಕ್ ಮೀಟರ್, ಮಸಿ ಬೆಳಕು ಹೀರಿದಾಗ ಹುಟ್ಟುವ ಸದ್ದು ಅಳೆಯುವ ಫೋಟೊಅಕೂಸ್ಟಿಕ್, ಮತ್ತೆ ಲೇಸರ್‌ನಿಂದ ಮಸಿ ಕಾಯಿಸಿ ಅದರ ಹೊಳಪು ನೋಡುವ ಎಲ್‌ಐಐ. ಯಾವುದು ಮೇಲು ಎಂಬ ಜಗಳ ಬಗೆಹರಿಯುವಂಥದ್ದಲ್ಲ. ತಪ್ಪು ಹೆಚ್ಚಾಗಿ ನುಸುಳುವುದು ಮೀಟರಿಗೂ ಮುಂಚಿನ ಪೈಪಿನಲ್ಲಿ.

ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತೇವಲ್ಲ, ಅದೇ ಇಲ್ಲೂ ನಡೆಯುತ್ತದೆ. ಬಿಸಿ ಅನಿಲದಲ್ಲಿನ ಮಸಿ ತಣ್ಣಗಿನ ಗೋಡೆಗೆ ಹೋಗಿ ಅಂಟುತ್ತದೆ. ಹೊಗೆಯನ್ನು ಮೀಟರಿಗೆ ಒಯ್ಯುವ ಪೈಪು (ಸ್ಯಾಂಪಲ್ ಲೈನ್) ತಣ್ಣಗಿದ್ದರೆ ಮಸಿ ಅಲ್ಲೇ ಉಳಿದು ರೀಡಿಂಗ್ ತಗ್ಗುತ್ತದೆ; ಆಮೇಲೆ ಪೈಪು ನಡುಗಿದಾಗ ಆ ಪದರ ಉದುರಿ ರೀಡಿಂಗ್ ಹಾರುತ್ತದೆ. ಗಂಧಕ ಹೆಚ್ಚಿರುವ ಭಾರಿ ಎಣ್ಣೆಯಾದರೆ ಇನ್ನೂ ಕಷ್ಟ. ಸಲ್ಫ್ಯೂರಿಕ್ ಆಮ್ಲ 100 ಡಿಗ್ರಿಗಿಂತ ಮೇಲೆಯೇ ಇಬ್ಬನಿಗಟ್ಟಿ ಕಾಗದ ಒದ್ದೆಯಾಗುತ್ತದೆ. ಲೈನ್ ಗಿಡ್ಡವಿರಲಿ, ಉದ್ದಕ್ಕೂ ಬಿಸಿಯಿರಲಿ. ಫ್ಲೇಂಜಿನ (ಪೈಪು ಜೋಡಿಸುವ ಅಂಚಿನ) ಬಳಿ ಹೀಟರ್ ಸುತ್ತದೆ ಬಿಟ್ಟ ಒಂದು ಗೇಣು ಸಾಕು, ಎಲ್ಲ ಕೆಡಲು.

ಸ್ಮೋಕ್ ಮೀಟರ್ ಕಾಗದದ ಕಪ್ಪನ್ನು 0ರಿಂದ 10ರವರೆಗಿನ ಎಫ್‌ಎಸ್‌ಎನ್ (ಫಿಲ್ಟರ್ ಸ್ಮೋಕ್ ನಂಬರ್) ಆಗಿ ಕೊಡುತ್ತದೆ. ಘನ ಮೀಟರಿಗೆ ಮಿಲಿಗ್ರಾಂ ಬೇಕಿದ್ದರೆ ಚಾಲ್ತಿಯಲ್ಲಿರುವ ಸೂತ್ರ: 5.32 × ಎಫ್‌ಎಸ್‌ಎನ್ × ಇ^(0.3062 × ಎಫ್‌ಎಸ್‌ಎನ್) ÷ 0.405 (ಇ ಅಂದರೆ 2.718). ಎಫ್‌ಎಸ್‌ಎನ್ 0.3 ಬಂದರೆ ಸುಮಾರು 4.3 ಮಿ.ಗ್ರಾಂ. ಪ್ರತಿ ಕಿಲೊವ್ಯಾಟ್-ಗಂಟೆಗೆ 6 ಘನ ಮೀಟರ್ ಹೊಗೆ ಎಂದಿಟ್ಟುಕೊಂಡರೆ 26 ಮಿ.ಗ್ರಾಂ. ಹೊಗೆಯ ಪರಿಮಾಣವನ್ನೂ ಮೀಟರಿನ ಆಧಾರ ಸ್ಥಿತಿಗೇ, ಅಂದರೆ 25 ಡಿಗ್ರಿ, 1 ಬಾರ್‌ಗೆ ತನ್ನಿ. ಎಷ್ಟೋ ಲೆಕ್ಕಗಳು ಎಡವುವುದು ಇಲ್ಲೇ. ಕಾಗದದ ಕಲೆ ತೀರಾ ತಿಳಿಯಾಗಿದ್ದರೆ ಹೀರುವ ಪ್ರಮಾಣ ಹೆಚ್ಚಿಸಿ. ಕಲೆ ಕಂದಾಗಿದ್ದರೆ ಆ ಅಂಕಿಯನ್ನು ನಂಬಬೇಡಿ: ಸುಡದ ಎಣ್ಣೆಯೂ ಬೆಳಕು ನುಂಗುತ್ತಿದೆ, ಸೂತ್ರಕ್ಕೆ ಅದು ಗೊತ್ತಿಲ್ಲ.

ಫೋಟೊಅಕೂಸ್ಟಿಕ್‌ಗೆ ಹೊಗೆಯನ್ನು ಒಣ, ಶುದ್ಧ ಗಾಳಿಯಲ್ಲಿ ತೆಳುಮಾಡಬೇಕು. ಎಷ್ಟು ಪಟ್ಟು ಎಂಬುದನ್ನು ನಾಬ್ ನೋಡಿ ಬರೆದುಕೊಳ್ಳಬೇಡಿ, ಕಾರ್ಬನ್ ಡೈಆಕ್ಸೈಡ್ ಅಳೆದು ತೆಗೆಯಿರಿ. ಮೂಲ ಹೊಗೆಯಲ್ಲಿ ಅದು ಶೇ 5 ಇದ್ದು ಹತ್ತು ಪಟ್ಟು ತೆಳುವಾದರೆ 5,000 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಬರಬೇಕು. ತೆಳುಮಾಡುವ ಗಾಳಿಯಲ್ಲೇ 400 ಪಿಪಿಎಂ ಇದ್ದರೆ ಕಾಣುವುದು 5,360. ಗಾಳಿಯ ಆ ಪಾಲನ್ನು ಕಳೆಯದಿದ್ದರೆ ಹತ್ತು ಪಟ್ಟು 9.3 ಆಗುತ್ತದೆ, ಫಲಿತಾಂಶ ಶೇ 7ರಷ್ಟು ಕಡಿಮೆ.

ಲೋಡ್ ಬದಲಿಸಿದ ಕೂಡಲೇ ಓದಬೇಡಿ; ಹೊಗೆಯ ಉಷ್ಣತೆ ನಿಂತ ಮೇಲೆ ಕನಿಷ್ಠ ಮೂರು ರೀಡಿಂಗ್ ತೆಗೆಯಿರಿ. ಎಕಾನಮೈಸರಿನ (ಹೊಗೆಯ ಬಿಸಿ ಹೀರುವ ಬಾಯ್ಲರಿನ) ಸೂಟ್ ಬ್ಲೋಯಿಂಗ್, ಅಂದರೆ ಅಂಟಿದ ಮಸಿ ಊದಿ ತೆಗೆಯುವ ಕೆಲಸ, ಆ ಹೊತ್ತಿಗೆ ಬೇಡವೆಂದು ಎಂಜಿನ್ ರೂಮಿಗೆ ಮೊದಲೇ ಹೇಳಿ.

ಇ3 ಚಕ್ರದ (ಹಡಗಿನ ಮುಖ್ಯ ಎಂಜಿನ್ನಿಗೆ ನಿಗದಿಯಾದ ನಾಲ್ಕು ಲೋಡುಗಳ ಪರೀಕ್ಷೆಯ) ಸರಾಸರಿಯೊಂದನ್ನೇ ವರದಿಯಲ್ಲಿ ಹಾಕುವುದು ನನಗೆ ಒಪ್ಪಿಗೆಯಿಲ್ಲ. 100, 75, 50, 25 ಶೇಕಡಾ ಲೋಡಿಗೆ ತೂಕ 0.2, 0.5, 0.15, 0.15. ಶಕ್ತಿಯಿಂದ ಗುಣಿಸಿದರೆ ಒಟ್ಟು ಕಿಲೊವ್ಯಾಟ್-ಗಂಟೆಯಲ್ಲಿ ಶೇ 25ರ ಲೋಡಿನ ಪಾಲು ಶೇ 5.5 ಮಾತ್ರ. ಕಿಲೊವ್ಯಾಟ್-ಗಂಟೆಗೆ ಮಸಿ ಜಾಸ್ತಿಯಾಗುವುದು ಸಾಮಾನ್ಯವಾಗಿ ಈ ಕಡಿಮೆ ಲೋಡಿನಲ್ಲೇ. ಬಂದರಿನೊಳಗೆ ಮೆಲ್ಲಗೆ ಸಾಗುವಾಗಿನ ಶೇ 10 ಆ ಚಕ್ರದಲ್ಲಿ ಇಲ್ಲವೇ ಇಲ್ಲ. ಪ್ರತಿ ಲೋಡಿನ ಅಂಕಿಯನ್ನೂ ಬೇರೆ ಸಾಲಿನಲ್ಲಿ ಕೊಡಿ, ಜೊತೆಗೆ ಇಂಧನದ ಗಂಧಕ, ಬೂದಿಯ ಪ್ರಮಾಣವನ್ನೂ ಬರೆಯಿರಿ.