ಕರಿಯನಿಗೂ ಒಂದು ಕನ್ನಡಕ

ನಮ್ಮ ಕರಿಯನಿಗೆ ಈಗ 11 ವರ್ಷ. ಲ್ಯಾಬ್ರಡಾರ್ ನಾಯಿ ಅಲ್ವಾ, ಹಿಂಗಾಲಿಗೆ ಸಂಧಿವಾತ ಬಂದೇಬಿಟ್ಟಿತು. ಏಳೋಕೆ ಹೋದರೆ ನೆಲದ ಮೇಲೆ ಉಗುರು ಕರಕರ ಅನ್ನುತ್ತಿತ್ತು, ಸೊಂಟ ಮಾತ್ರ ಮೇಲೇಳುತ್ತಿರಲಿಲ್ಲ.

ಡಾಕ್ಟರು ಲೇಸರ್ ಅಂದಾಗ ಸುಟ್ಟುಬಿಡ್ತಾರೇನೋ ಅಂತ ಹೆದರಿದ್ದೆ. ಇದು ಕೊಯ್ಯುವ ಲೇಸರ್ ಅಲ್ಲ. ಕಣ್ಣಿಗೆ ಕಾಣದ, ಹೆಚ್ಚುಕಮ್ಮಿ 800ರಿಂದ 980 ನ್ಯಾನೋಮೀಟರಿನ ಬೆಳಕು ಚರ್ಮ ದಾಟಿ ಒಳಗೆ ಹೋಗುತ್ತದೆ, ಜೀವಕೋಶದ ಮೈಟೊಕಾಂಡ್ರಿಯಾ ಅದನ್ನು ಹೀರಿಕೊಂಡು ಜಾಸ್ತಿ ಶಕ್ತಿ ತಯಾರಿಸುತ್ತದೆ, ಅದರಿಂದ ಊತ, ನೋವು ಇಳಿಯುತ್ತದೆ ಅನ್ನೋದು ಲೆಕ್ಕ. 1960ರ ದಶಕದಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಬೋಳಿಸಿದ ಇಲಿಗಳ ಮೇಲೆ ಲೇಸರ್ ಬಿಟ್ಟಾಗ ಕೂದಲು ಬೇಗ ಬೆಳೆಯಿತು, ಇದೆಲ್ಲ ಶುರುವಾದದ್ದು ಅಲ್ಲಿಂದ.

ಲೇಸರ್ ಕಣ್ಣಿಗೆ ಬೀಳಬಾರದು ಅಂತ ಕರಿಯನಿಗೂ ಕನ್ನಡಕ, ನನಗೂ ಕನ್ನಡಕ! ಕಪ್ಪು ಕೂದಲು ಬೇಗ ಬಿಸಿಯಾಗುತ್ತದೆ, ಅದಕ್ಕೇ ಡಾಕ್ಟರು ಕೈ ನಿಲ್ಲಿಸದೆ ಆಡಿಸುತ್ತಲೇ ಇದ್ದರು. ಕ್ಯಾನ್ಸರ್ ಗಡ್ಡೆ ಇದ್ದ ಕಡೆಗಂತೂ ಈ ಲೇಸರ್ ಹಾಯಿಸಬಾರದು.

ಆರನೇ ಸಲದ ಹೊತ್ತಿಗೆ ಗೇಟಿನ ತನಕ ತಾನೇ ನಡೆದು ಬಂದ. ಪೂರ್ತಿ ಲೇಸರಿನದೇ ಪುಣ್ಯ ಅಂತ ನಾನಂತೂ ಹೇಳಲ್ಲ. ಮಾತ್ರೆ ನಿಲ್ಲಿಸಿಲ್ಲ, ತೂಕವೂ 4 ಕೆಜಿ ಇಳಿದಿದೆ, ಅಮ್ಮ ಕದ್ದುಮುಚ್ಚಿ ಹಾಕುತ್ತಿದ್ದ ಚಪಾತಿ ನಿಂತಿದೆ. ಸದ್ಯಕ್ಕೆ ನಿಂತಿದೆ.